ಉದುರದ ಸಾಮೆ

ನಮ್ಮೂರಿನಲ್ಲಿ ಸಾಮೆಯ ತೆನೆ ಕೆಂಪಗಾದ ದಿನದಿಂದ ಹತ್ತೊಂಬತ್ತು ದಿನ ಯಾರೂ ಒಗ್ಗರಣೆ ಹಾಕುತ್ತಿರಲಿಲ್ಲ. ಸಾಸಿವೆ ಸಿಡಿದ ಸದ್ದಿಗೇ ಹಿತ್ತಲಿನ ಎರಡು ಸಾಲು ಉದುರಿಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ದನಗಳ ಕೊರಳಿನ ಗಂಟೆ ಬಿಚ್ಚಿ ಅಟ್ಟಕ್ಕೆ ಹಾಕುತ್ತಿದ್ದೆವು. ಬಾವಿಯ ರಾಟೆಗೆ ಎಣ್ಣೆ ಹಚ್ಚಿ ಹಳೆಯ ಬಟ್ಟೆ ಸುತ್ತುತ್ತಿದ್ದೆವು. ನಾಯಿ, ಹುಂಜಗಳನ್ನು ಹರಿಗೋಲಿನಲ್ಲಿ ಹೊಳೆ ದಾಟಿಸುತ್ತಿದ್ದೆವು. ಅತ್ತೆ ಸೊಸೆಯರು ಕೈಸನ್ನೆಯಲ್ಲೇ ಜಗಳವಾಡಿ, ಸನ್ನೆಗೆ ನಿಲುಕದ ಬೈಗುಳಗಳನ್ನು ಇಪ್ಪತ್ತನೆಯ ದಿನಕ್ಕೆ ಎತ್ತಿಡುತ್ತಿದ್ದರು. ಯಾರಾದರೂ ಸತ್ತರೆ ಹೆಂಗಸರು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದರು. ಇದೆಲ್ಲ ಕಷ್ಟವೆಂದು ನಮಗೆ ಅನ್ನಿಸಿರಲಿಲ್ಲ. ಬೇರೆ ಊರಿನವರು ಹೇಗೆ ಬದುಕುತ್ತಾರೆಂದು ನಮಗೆ ಗೊತ್ತಿರಲಿಲ್ಲ, ನಮ್ಮೂರಿಗೆ ಬರುವ ದಾರಿ ಅವರಿಗೆ ಗೊತ್ತಿರಲಿಲ್ಲ.

ಇಪ್ಪತ್ತನೆಯ ದಿನ ಬೆಳಿಗ್ಗೆ ಇಡೀ ಊರು ಹೊಲಕ್ಕಿಳಿದು ಸಾಲುಗಳ ನಡುವೆ ದುಪ್ಪಟಿ, ಕಂಬಳಿ, ಹಳೆಯ ಸೀರೆ, ಇದ್ದಬದ್ದದ್ದನ್ನೆಲ್ಲ ಹಾಸುತ್ತಿತ್ತು. ಯಜಮಾನ ಸಣ್ಣತಮ್ಮಯ್ಯ ಬದುವಿನ ಮೇಲೆ ನಿಂತು ಡೋಲಿಗೆ ಒಂದು ಪೆಟ್ಟು ಹಾಕುತ್ತಿದ್ದರು. ಅಷ್ಟೇ. ನೋಡನೋಡುತ್ತಲೇ ಹೊಲಕ್ಕೆ ಹೊಲವೇ ಉದುರುತ್ತಿತ್ತು. ದುಪ್ಪಟಿಯ ನಾಲ್ಕು ಮೂಲೆ ಹಿಡಿದು ಎತ್ತಿದರೆ ಸುಗ್ಗಿ ಮುಗಿಯಿತು. ಸಾಮೆಯನ್ನು ಕೊಯ್ಯುವುದು, ಬಡಿಯುವುದು, ಒಕ್ಕುವುದು ಯಾವುದೂ ನಮಗೆ ತಿಳಿಯದು. ಕುಡುಗೋಲು ಇದ್ದದ್ದು ಹುಲ್ಲಿಗೆ ಮಾತ್ರ.

ನಾನು ಬೀಜದ ಮನೆ ನೋಡಿಕೊಳ್ಳುವವನು. ಹೆಸರು ಮುದ್ದಯ್ಯ, ಆದರೆ ಎಲ್ಲರ ಬಾಯಲ್ಲೂ ಬೀಜದಯ್ಯ. ನಮ್ಮಪ್ಪನೂ ಬೀಜದಯ್ಯನೇ ಆಗಿದ್ದ. ಮುಂದಿನ ವರ್ಷ ಯಾವ ಕಾಳನ್ನು ಬಿತ್ತಬೇಕೆಂದು ಆರಿಸುವುದು ನಮ್ಮ ಮನೆತನದ ಕೆಲಸ. ಅದಕ್ಕೊಂದು ಕ್ರಮವಿತ್ತು. ಡೋಲಿನ ಪೆಟ್ಟಿಗೆ ಎಲ್ಲಕ್ಕಿಂತ ಮೊದಲು ಬಿದ್ದ ಕಾಳೇ ಚೆನ್ನಾಗಿ ಬಲಿತ ಕಾಳು. ಅದಕ್ಕೆ ಮೊದಲುದುರು ಎನ್ನುತ್ತಿದ್ದೆವು. ಪೆಟ್ಟು ಬಿದ್ದ ಮರುಗಳಿಗೆಯೇ ನಾನು ಸೊಂಟ ಬಗ್ಗಿಸಿ ಸಾಲುಗಳಲ್ಲಿ ಓಡಾಡಿ, ಉಳಿದದ್ದು ಮೇಲೆ ಬೀಳುವ ಮೊದಲೇ ಅದನ್ನು ಬಾಚಿಕೊಂಡು ಬೀಜದ ಗುಡಾಣಕ್ಕೆ ತುಂಬಬೇಕಿತ್ತು. ಎಲ್ಲ ಉದುರಿದ ಮೇಲೂ ಅಲ್ಲೊಂದು ಇಲ್ಲೊಂದು ತೆನೆ ಕಾಳು ಬಿಡದೆ ನಿಂತಿರುತ್ತಿತ್ತು. ಅದು ಮೊಂಡುತೆನೆ. ಬಲಿಯದ್ದು, ತಿಂದರೆ ನಾಲಿಗೆ ದಪ್ಪವಾಗುತ್ತದೆ ಎಂದು ಜನ ನಂಬಿದ್ದರು. ಅದನ್ನು ಕಿತ್ತು ಸುಡುವುದೂ ನನ್ನ ಪಾಲಿನ ಕೆಲಸ. ನಲವತ್ತೊಂದು ವರ್ಷ ಸುಟ್ಟಿದ್ದೇನೆ. ನನ್ನಷ್ಟು ಅಚ್ಚುಕಟ್ಟಾಗಿ ಸುಟ್ಟವರು ಯಾರೂ ಇಲ್ಲ, ನಮ್ಮಪ್ಪ ಕೂಡ.

ಬಾಯಿ ಹಿಡಿತದಲ್ಲಿಲ್ಲದವರು ಯಾವ ಊರಿನಲ್ಲೂ ಇರುತ್ತಾರೆ. ಎದೆಹಾಲಿನ ಕೂಸುಗಳು, ಕೆಮ್ಮಿನವರು, ಗೊರಕೆಯವರು. ಇವರನ್ನೆಲ್ಲ ತೆನೆ ಕೆಂಪಾಗುವ ಮುನ್ನಾದಿನ ಹೊಳೆಯಾಚೆಗೆ ಕಳಿಸುತ್ತಿದ್ದೆವು. ಆ ಜಾಗಕ್ಕೆ ಆಚೆದಡ ಎಂದೇ ಹೆಸರು. ಹೊಳೆ ಅಗಲವಾಗಿತ್ತು, ಅಲ್ಲಿಯ ಸದ್ದು ಇಲ್ಲಿಗೆ ಮುಟ್ಟುತ್ತಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಎಲ್ಲರೂ ಹಿಂದಿರುಗುತ್ತಿದ್ದರು. ಆದರೆ ಹನ್ನೆರಡು ವರ್ಷ ತುಂಬಿದ ಮೇಲೂ ಬಾಯಿ ಹಿಡಿತಕ್ಕೆ ಬಾರದ ಮಕ್ಕಳ ಹೆಸರನ್ನು ಯಜಮಾನರು ಆಚೆದಡದ ಪುಸ್ತಕಕ್ಕೆ ಬರೆದುಬಿಡುತ್ತಿದ್ದರು. ಹಾಗೆ ಬರೆಸಿಕೊಂಡವರಿಗಾಗಿ ಹರಿಗೋಲು ಮತ್ತೆ ಹೋಗುತ್ತಿರಲಿಲ್ಲ. ಅವರಿಗೆ ಊರಿನಿಂದ ವರ್ಷಕ್ಕಾಗುವಷ್ಟು ಸಾಮೆಯ ಪಾಲು ಹೋಗುತ್ತಿತ್ತು. ಬಾಯಿ ಹಿಡಿತದಲ್ಲಿದ್ದವರು ಪ್ರೀತಿಯಿಂದ ಜೊತೆಗೆ ಹೋಗಿ ಇರುತ್ತೇನೆಂದರೆ ಅವರಿಗೆ ಪಾಲಿಲ್ಲ. ನಾನು ಇದನ್ನು ಕ್ರೂರ ಎಂದು ಯೋಚಿಸಿದವನಲ್ಲ. ನನ್ನ ಕೆಲಸ ಕಾಳಿನದು, ಜನರದಲ್ಲ.

ಹರಿಗೋಲು ಹಾಕುತ್ತಿದ್ದವಳು ಬೋರಮ್ಮ. ಗಂಡ ಸತ್ತ ಮೇಲೆ ಆ ಕೆಲಸ ಅವಳ ಕೈಗೆ ಬಂದಿತ್ತು. ಅವಳಿಗೊಬ್ಬಳೇ ಮಗಳು, ಈರಿ. ಆ ಹುಡುಗಿ ಮಾತುಕತೆಯಲ್ಲಿ ಚುರುಕು, ಕೈಕೆಲಸದಲ್ಲಿ ಚುರುಕು, ಆದರೆ ಗಳಿಗೆಗೊಮ್ಮೆ ಎದೆಯೊಳಗಿನಿಂದ ‘ಹೋ’ ಎಂದು ಒಂದು ಕೂಗು ಹೊರಡುತ್ತಿತ್ತು. ಅವಳು ಬೇಕೆಂದು ಕೂಗುತ್ತಿರಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿ ನೋಡಿದರು, ಬೇರು ಅರೆದು ಕುಡಿಸಿದರು, ಮನೆದೇವರಿಗೆ ಮುಡಿಪು ಕಟ್ಟಿದರು. ಕೂಗು ಮಾತ್ರ ಹೋಗಲಿಲ್ಲ. ಪ್ರತಿ ವರ್ಷ ಬೋರಮ್ಮ ಊರಿನವರ ಕೂಸುಗಳ ಜೊತೆಗೆ ತನ್ನ ಮಗಳನ್ನೂ ತಾನೇ ಹುಟ್ಟು ಹಾಕಿ ಆಚೆ ಬಿಟ್ಟು ಬರುತ್ತಿದ್ದಳು.

ಈರಿಗೆ ಏಳು ವರ್ಷವಾಗಿದ್ದಾಗ, ಡೋಲಿನ ದಿನ ನಾನು ಮೊಂಡುತೆನೆಗಳನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚುವುದರಲ್ಲಿದ್ದೆ. ಬೋರಮ್ಮ ಬೇರು ಸಮೇತ ಕಿತ್ತ ಒಂದು ಗಿಡ ಹಿಡಿದು ಬಂದಳು.

“ಅಯ್ಯ, ಇದ್ನ ಸುಡಬ್ಯಾಡಿ.”

“ಯಾಕೆ, ಹೂವು ಮುಡಿಸಿ ಪೂಜೆ ಮಾಡ್ಲಾ?” ಎಂದೆ.

“ಡೋಲು ಬಡುದ್ರೂ ಒಂದು ಕಾಳು ಬಿಟ್ಟಿಲ್ಲ. ತೆನೆ ಹತ್ರ ಬಾಯಿಟ್ಟು ಕಿರುಚಿದೀನಿ. ಆಗ್ಲೂ ಬಿಡ್ಲಿಲ್ಲ.”

“ಮೊಂಡು ಬಿಡಲ್ಲ. ಅದಕ್ಕೇ ತಾನೆ ಅದನ್ನ ಮೊಂಡು ಅನ್ನೋದು.”

“ಊರ್ ತುಂಬ ಇಂಥದ್ದೇ ಇದ್ರೆ ನನ್ನ ಈರಿ ಮನೇಲಿರಬೋದು ಕಣಯ್ಯ,” ಎಂದಳು.

ನನಗೆ ನಗು ಬಂತು. ಕಾಳು ಬಿಡದ ಸಾಮೆಯನ್ನು ಬೆಳೆದು ಏನು ಮಾಡುವುದು, ತೆನೆಗೆ ಕೈಮುಗಿದು ಕೇಳುವುದೇ? ಆದರೆ ಆ ದಿನ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು, ಬೇಗ ಮನೆಗೆ ಹೋಗಿ ಬಿಸಿನೀರು ಹುಯ್ದುಕೊಳ್ಳಬೇಕಿತ್ತು. ವಾದ ಮಾಡುವ ಬದಲು ತೆಗೆದುಕೊಂಡು ಹೋಗು ಎಂದೆ. ಕರುಣೆಯಿಂದ ಕೊಟ್ಟೆ ಎಂದು ಆಮೇಲೆ ಕೆಲವರು ಹೇಳಿದರು. ಇಲ್ಲ, ಸೊಂಟ ನೋವಿನಿಂದ ಕೊಟ್ಟದ್ದು.

ಮರುವರ್ಷ ಅವಳು ಆ ತೆನೆಯ ಕಾಳನ್ನು ಹಿತ್ತಲಿನಲ್ಲಿ ಬಿತ್ತಿದಳು. ಗಿಡ ಚೆನ್ನಾಗಿಯೇ ಬಂತು. ಈರಿಯನ್ನು ಆಚೆ ಬಿಟ್ಟು ಬಂದ ದಿನದಿಂದ ಬೋರಮ್ಮ ದಿನವೂ ಆ ಗಿಡಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದಳು. ಇಪ್ಪತ್ತನೆಯ ದಿನ ಡೋಲು ಬಿತ್ತು. ಹಿತ್ತಲಿನ ಗಿಡಗಳು ಒಂದೂ ಉಳಿಯದೆ ಉದುರಿದವು. ಮೊಂಡಿನ ಮಕ್ಕಳಲ್ಲಿ ಒಂದಕ್ಕೂ ಮೊಂಡುತನ ಇರಲಿಲ್ಲ. ನಾನು ನೋಡಲು ಹೋದಾಗ ಅವಳು ನೆಲದ ಮೇಲೆ ಕೂತಿದ್ದಳು. ನನಗೆ ಒಳಗೊಳಗೇ ಸ್ವಲ್ಪ ಸಮಾಧಾನವಾಯಿತು, ಸುಳ್ಳೇಕೆ ಹೇಳಲಿ. ನನ್ನ ಮಾತು ನಿಜವಾಗಿತ್ತಲ್ಲ. ಬಿದ್ದ ಕಾಳನ್ನು ಗುಡಿಸಿ ಒಂದು ಸಣ್ಣ ಮಡಕೆಗೆ ತುಂಬಿಕೊಂಡೆ. ಅದನ್ನು ಊಟದ ಪಾಲಿಗೆ ಬೆರೆಸಬೇಕಿತ್ತು. ಬೀಜದ ಮನೆಯ ಅಟ್ಟದ ಮೇಲೆ ಇಟ್ಟು ಮರೆತೆ.

ಬಿತ್ತನೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ ಬೋರಮ್ಮ ಬೀಜದ ಮನೆಗೆ ಬಂದಳು. ಹೊಸ್ತಿಲ ಹೊರಗೇ ನಿಂತಳು.

“ಅಯ್ಯ, ನನ್ನ ಗಂಡನ ಚಿಕ್ಕಜ್ಜೀನ ನೋಡಿದ್ರಾ ನೀವು? ತಿರುಮಕ್ಕ ಅಂತ.”

ನೋಡಿದ್ದೆ. ನಾನು ಹುಡುಗನಾಗಿದ್ದಾಗ ಅವಳ ಹೆಸರನ್ನು ಆಚೆದಡದ ಪುಸ್ತಕಕ್ಕೆ ಬರೆದಿದ್ದರು. ಅವಳಿಗೂ ಇದೇ ‘ಹೋ’ ಎಂಬ ಕೂಗು.

“ಅದಾದ್ಮೇಲೆ ನಮ್ಮತ್ತೇಗೆ ಆ ಕೂಗಿತ್ತಾ? ಇಲ್ಲ. ನನ್ನ ಗಂಡಂಗಿತ್ತಾ? ಇಲ್ಲ. ಎರಡು ತಲೆ ಎಲ್ಲೋ ಅಡಗಿ ಕುಂತಿತ್ತು. ಈರೀಲಿ ಆಚೆಗೆ ಬಂತು. ಹಂಗಿದ್ಮೇಲೆ ಮೊಂಡೂ ಆ ಬಿದ್ದ ಕಾಳೊಳಗೆ ಅಡಗಿ ಕುಂತಿರಬೋದಲ್ವಾ?”

“ಸಾಮೆಗೂ ಮನುಷ್ಯರಿಗೂ ಎಲ್ಲಿಂದೆಲ್ಲಿಗೆ ಸಂಬಂಧ ಹಚ್ತೀಯ ಬೋರಮ್ಮ?”

“ಎರಡೂ ಹೆತ್ತವರಿಂದ ತಾನೆ ಬರೋದು,” ಎಂದಳು.

ಉತ್ತರವಿಲ್ಲದಾಗ ನನಗೆ ಸಿಟ್ಟು ಬರುತ್ತದೆ. ಅಟ್ಟದ ಮೇಲಿನ ಮಡಕೆ ನೆನಪಾಯಿತು. ತೆಗೆದು ಕೊಟ್ಟೆ. ಅವಳು ಅದನ್ನು ಹಿತ್ತಲಿನಲ್ಲಿ ಬಿತ್ತುವುದಿಲ್ಲವಂತೆ. ಅಕ್ಕಪಕ್ಕದ ಹೊಲದ ಹೂವಿನ ಧೂಳು ಗಾಳಿಯಲ್ಲಿ ಬಂದು ತನ್ನ ಗಿಡದ ಮೇಲೆ ಕೂತದ್ದರಿಂದಲೇ ಹೀಗಾಯಿತು ಎಂದು ಅವಳ ಲೆಕ್ಕ. ಆಚೆದಡದಲ್ಲಿ ಬಿತ್ತುತ್ತೇನೆ ಎಂದಳು. ಅಲ್ಲಿ ಯಾರೂ ಎಂದೂ ಸಾಮೆ ಬಿತ್ತಿದವರಲ್ಲ. ನಾಯಿ, ಹುಂಜ, ಕೂಸು, ಕೆಮ್ಮು ಎಲ್ಲ ಇರುವ ಕಡೆ ಕೆಂಪಗಾದ ದಿನವೇ ಎಲ್ಲ ನೆಲಕ್ಕೆ ಬೀಳುತ್ತದೆ ಎಂದು ಎಚ್ಚರಿಸಿದೆ.

“ಬೀಳೋದು ಬೀಳ್ಲಿ ಬುಡಿ. ನಿಲ್ಲೋದು ನಿಂತ್ಕೊಳ್ತೈತೆ.”

ಬೀಜದ ಮನೆಯ ಕಾಳು ಹೊಳೆ ದಾಟಬಾರದೆಂದು ನಿಯಮವಿದೆ. ಆ ನಿಯಮವನ್ನು ನನಗೆ ಹೇಳಿಕೊಟ್ಟದ್ದು ನಮ್ಮಪ್ಪ. ನಾನು ಬೇರೆ ಕಡೆ ತಿರುಗಿಕೊಂಡು ಗುಡಾಣಕ್ಕೆ ಬೂದಿ ಬೆರೆಸುತ್ತ ನಿಂತೆ.

ಆ ವರ್ಷ ಸುಗ್ಗಿ ಮುಗಿದು ಹರಿಗೋಲು ಎಲ್ಲರನ್ನೂ ವಾಪಸು ತಂದಾಗ ಈರಿಯೂ ಇಳಿದಳು. ಒಂಬತ್ತು ವರ್ಷ ಅವಳಿಗೆ. ಮಡಿಲಲ್ಲಿ ಎರಡು ಗಂಟು. ನೇರವಾಗಿ ಬೀಜದ ಮನೆಗೆ ಬಂದು, ಎರಡನ್ನೂ ಬಿಚ್ಚಿ ನನ್ನ ಮುಂದೆ ಸುರಿದಳು. ಒಂದರಲ್ಲಿ ಬಿಳಿ ಕಲ್ಲು, ಇನ್ನೊಂದರಲ್ಲಿ ಕರಿ ಕಲ್ಲು. ತೆನೆ ಕೆಂಪಾದ ಮೇಲೆ ದಿನವೂ ಒಂದಾದ ಮೇಲೊಂದು ಗಿಡದ ಮುಂದೆ ನಿಂತು, ಕೂಗು ತಾನಾಗಿ ಬರುವವರೆಗೂ ಕಾದು, ಗಿಡ ಉದುರಿದ್ದರೆ ಬಿಳಿ ಕಲ್ಲು, ಆಗಲೂ ನಿಂತಿದ್ದರೆ ಕರಿ ಕಲ್ಲು ಎತ್ತಿಟ್ಟಿದ್ದಳಂತೆ. ನಾನು ಎಣಿಸಿದೆ. ಒಟ್ಟು ಇನ್ನೂರ ಹನ್ನೆರಡು. ಬಿಳಿ ನೂರ ಐವತ್ತೆಂಟು, ಕರಿ ಐವತ್ತನಾಲ್ಕು. ನಾಲ್ಕರಲ್ಲಿ ಒಂದು ಪಾಲು, ಮೇಲೆ ಒಂದು ಕಲ್ಲು. ಹಿಂದಿನ ವರ್ಷ ಒಂದೂ ಇರಲಿಲ್ಲ, ಈ ವರ್ಷ ನಾಲ್ಕರಲ್ಲೊಂದು. ಎರಡು ಸಲ ಎಣಿಸಿದೆ. ನನ್ನ ಜೀವಮಾನವೆಲ್ಲ ಕಾಳಿನ ಜೊತೆಗೇ ಕಳೆದಿದೆ. ಕಾಳು ಹೀಗೆ ಮಾತು ಕೊಟ್ಟಂತೆ ಲೆಕ್ಕಕ್ಕೆ ಸಿಕ್ಕಿದ್ದನ್ನು ಕಂಡಿರಲಿಲ್ಲ.

ನಿಂತ ಐವತ್ತನಾಲ್ಕು ಗಿಡದ ಕಾಳನ್ನು ಅವರು ಮರುವರ್ಷ ಆಚೆದಡದಲ್ಲೇ ಬಿತ್ತಿದರು. ಈ ಸಲ ಈರಿ ಬಿಳಿ ಕಲ್ಲಿನ ಗಂಟು ತರಲಿಲ್ಲ. ತರುವುದಕ್ಕೆ ಇರಲೂ ಇಲ್ಲ. ಒಂದು ಗಿಡವೂ ಉದುರಿರಲಿಲ್ಲ. ಅದರ ಮರುವರ್ಷ, ಅವಳಿಗೆ ಹನ್ನೊಂದು ತುಂಬಿದಾಗ, ಪುಸ್ತಕಕ್ಕೆ ಬರೆಸಿಕೊಂಡು ಅಲ್ಲೇ ಉಳಿದವರೆಲ್ಲ ಸೇರಿ ದಡದುದ್ದಕ್ಕೂ ಬಿತ್ತಿದರು. ಅಷ್ಟು ವರ್ಷ ಊರಿನ ಪಾಲಿಗೆ ಕೈಯೊಡ್ಡಿದ್ದವರು ಅವರು. ಬೋರಮ್ಮ ನನ್ನನ್ನು ನೋಡಲು ಕರೆದಳು. ಮೌನದ ಹತ್ತೊಂಬತ್ತು ದಿನಗಳ ನಡುವೆ ಬೀಜದಯ್ಯ ಊರು ಬಿಟ್ಟು ಹೋಗುವುದುಂಟೇ? ಹೊಟ್ಟೆ ನೋವೆಂದು ಸನ್ನೆ ಮಾಡಿ, ಕಂಬಳಿ ಹೊದ್ದು ಹರಿಗೋಲಿನಲ್ಲಿ ಮಲಗಿ ಹೋದೆ.

ಹೊಳೆಯ ನಡುವೆ ಬಂದಾಗಲೇ ಸದ್ದು ಕಿವಿಗೆ ಬಿತ್ತು. ದಡ ಹತ್ತಿದ ಮೇಲಂತೂ ನನಗೆ ತಲೆ ಸುತ್ತಿತು. ಒಬ್ಬ ಮುದುಕ ಕೆಮ್ಮುತ್ತಲೇ ಇನ್ನೊಬ್ಬನನ್ನು ಬೈಯುತ್ತಿದ್ದ. ಕೂಸುಗಳು ಅಳುತ್ತಿದ್ದವು. ಹುಂಜ ಬೇಲಿಯ ಮೇಲೆ ಕೂತು ಕೂಗುತ್ತಿತ್ತು. ಅದರ ಮಗ್ಗುಲಲ್ಲೇ ಕೆಂಪಗೆ ಬಲಿತ ಸಾಮೆ ಒಂದು ಕಾಳೂ ಬೀಳದೆ ತೂಗುತ್ತಿತ್ತು. ನಾನು ಮಂಡಿಯೂರಿ ಗಿಡದ ಬುಡ ನೋಡಿದೆ. ನೆಲ ಚೊಕ್ಕಟವಾಗಿತ್ತು. ತೆನೆಯನ್ನು ಅಂಗೈಯಲ್ಲಿಟ್ಟು ತಿಕ್ಕಿದೆ. ಕಾಳು ಬಿಟ್ಟುಕೊಂಡಿತು. ಬಾಯಿಗೆ ಹಾಕಿದೆ. ಮಾಮೂಲಿ ಸಾಮೆ, ಒಳ್ಳೆಯ ಸಾಮೆ. ನಾಲಿಗೆ ದಪ್ಪವಾಗಲಿಲ್ಲ.

“ಇದೆಲ್ಲಾ ಊರ್ನಾಗೆ ಯಾಕೆ ಹುಟ್ಟಲ್ಲ ಗೊತ್ತಾ ಅಯ್ಯ?” ಎಂದಳು ಈರಿ. ನನ್ನ ಪಕ್ಕದಲ್ಲೇ ಕೂತಿದ್ದಳು.

“ಯಾಕಂತೆ?”

“ನೀವು ಬಿದ್ದಿದ್ನೇ ಬಿತ್ತೀರಾ. ನಿಂತಿದ್ನ ಸುಡ್ತೀರಾ. ಬೀಳೋದ್ರ ಮಕ್ಳು ಬೀಳೋದೇ ತಾನೆ.” ಅಷ್ಟು ಹೇಳಿ ‘ಹೋ’ ಎಂದು ಕೂಗಿ, ಏನೂ ಆಗದವಳಂತೆ ಕಳೆ ಕೀಳತೊಡಗಿದಳು.

ಹನ್ನೊಂದು ವರ್ಷದ ಹುಡುಗಿ ಹೇಳಿದ ಮಾತು ಮುಖಕ್ಕೆ ಹೊಡೆದಂತಾಯಿತು. ಮೊದಲು ಸಿಟ್ಟು ಬಂತು. ಆಮೇಲೆ ಕೂತು ಲೆಕ್ಕ ಹಾಕಿದೆ. ವರ್ಷ ವರ್ಷವೂ ಎಲ್ಲಕ್ಕಿಂತ ಬೇಗ ಬೀಳುವುದನ್ನು ಆರಿಸಿ ಆರಿಸಿ ಊರಿಗೆ ಕೊಟ್ಟವನು ನಾನು. ನನಗಿಂತ ಮೊದಲು ನಮ್ಮಪ್ಪ, ಅವನಿಗಿಂತ ಮೊದಲು ಅವನಪ್ಪ. ಮೊದಮೊದಲು ಸಾಮೆ ಬಿರುಗಾಳಿಗೆ ಮಾತ್ರ ಬೀಳುತ್ತಿತ್ತೋ ಏನೋ. ನಾವು ಅದನ್ನು ಸಾಸಿವೆ ಸಿಡಿದರೂ ಬೀಳುವಂತೆ ತಿದ್ದಿ ತಂದಿದ್ದೆವು. ತಿರುಮಕ್ಕನನ್ನು, ಈರಿಯಂಥವರನ್ನು ಹೊಳೆಯಾಚೆ ಹಾಕಿದ್ದು ಯಜಮಾನರ ಪುಸ್ತಕ ಎಂದುಕೊಂಡಿದ್ದೆ. ಪುಸ್ತಕಕ್ಕೆ ಮೊದಲು ನನ್ನ ಗುಡಾಣ. ನನಗೆ ನಾಚಿಕೆಯಾಯಿತು. ಇದನ್ನು ಸುತ್ತಿಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಹೊಲದ ನಡುವೆ ಕೂತು, ಆ ಗದ್ದಲದಲ್ಲಿ, ನಾಚಿಕೆಯಿಂದ ಅತ್ತೆ. ಸದ್ದು ಮಾಡಿಕೊಂಡೇ ಅತ್ತೆ, ಅಲ್ಲಿ ಯಾರೂ ಬೇಡ ಅನ್ನುವವರಿರಲಿಲ್ಲ.

ಯಜಮಾನರಿಗೆ ಎಲ್ಲ ತಿಳಿಸಿಬಿಡೋಣ ಎಂದು ಬೋರಮ್ಮನಿಗೆ ಹೇಳಿದೆ. ಅವಳು ಬೇಡವೆಂದಳು. ಹೇಳಿದರೆ ಕೂಟ ಸೇರಿಸುತ್ತಾರೆ, ಕೂಟ ಸೇರಿದರೆ ಮುಂದಿನ ವರ್ಷ ನೋಡೋಣ ಎನ್ನುತ್ತಾರೆ, ಮುಂದಿನ ವರ್ಷಕ್ಕೆ ಈರಿಗೆ ಹನ್ನೆರಡು ತುಂಬಿ ಹೆಸರು ಪುಸ್ತಕದಲ್ಲಿರುತ್ತದೆ. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಮ್ಮ ಕೂಟಗಳು ಎಂಥವೆಂದು ನನಗೆ ಗೊತ್ತು.

ಹಾಗಾಗಿ ನಾನು ಮಾಡಬಾರದ ಕೆಲಸ ಮಾಡಿದೆ. ಡೋಲಿನ ದಿನ ಎಂದಿನಂತೆ ಮೊದಲುದುರನ್ನು ಬಾಚಿ ಗುಡಾಣಗಳಿಗೆ ತುಂಬಿದೆ. ಆಮೇಲೆ ಆ ಗುಡಾಣಗಳನ್ನೆಲ್ಲ ಒಂದೊಂದಾಗಿ ಬರಿದು ಮಾಡಿ, ಕಾಳನ್ನು ಊಟದ ಪಾಲಿಗೆ ಸೇರಿಸಿದೆ. ಬೋರಮ್ಮ ಆಚೆದಡದ ಸಾಮೆಯನ್ನು ಹುಲ್ಲಿನ ಹೊರೆಗಳ ಅಡಿಯಲ್ಲಿ ತಂದುಕೊಟ್ಟಳು. ಬಿತ್ತನೆಯ ದಿನ ಪ್ರತಿ ಮನೆಯವರೂ ಬಂದು ಸೆರಗೊಡ್ಡಿ, ಟವಲು ಒಡ್ಡಿ ಬೀಜ ತೆಗೆದುಕೊಂಡು ಹೋದರು. “ಕಾಳು ದಪ್ಪಗದೆ ಬೀಜದಯ್ಯ ಈ ವರ್ಷ” ಎಂದರು ಕೆಲವರು. ಹಳೆಯ ಬೀಜ ಒಂದು ಹಿಡಿಯೂ ಉಳಿದಿರಲಿಲ್ಲ. ನನ್ನ ಲೆಕ್ಕ ತಪ್ಪಿದ್ದರೆ ಊರಿಗೆ ಹಿಂದಿರುಗುವ ದಾರಿಯಿಲ್ಲ. ಕೇಳದೆ ಇನ್ನೊಬ್ಬರ ಅನ್ನದ ಮೇಲೆ ಪಂದ್ಯ ಕಟ್ಟುವುದು ತಪ್ಪು. ಅದಕ್ಕಾಗಿ ಅವರು ಮುಂದೆ ನನ್ನನ್ನು ಬೀಜದ ಮನೆಯಿಂದ ತೆಗೆದುಹಾಕಿದರು, ಸರಿಯಾಗಿಯೇ ಮಾಡಿದರು. ಸಾಮೆಯನ್ನು ಕೊಯ್ದು ಬಡಿಯುವುದನ್ನು ಕಲಿಯುವಾಗ ಆದ ಗಾಯಕ್ಕೆಲ್ಲ ಇವತ್ತಿಗೂ ನನ್ನ ಹೆಸರು ಹಿಡಿದೇ ಬೈಯುತ್ತಾರೆ.

ತೆನೆ ಕೆಂಪಾಗುವ ಮುನ್ನಾದಿನ ಹೊಳೆಯ ದಡದಲ್ಲಿ ಸಣ್ಣತಮ್ಮಯ್ಯ ಪುಸ್ತಕ ಬಿಚ್ಚಿ ಕೂತರು. ಒಳ್ಳೆಯ ಮನುಷ್ಯ ಅವರು, ಬರೆಯುವಾಗ ಯಾವತ್ತೂ ತಲೆ ಎತ್ತುತ್ತಿರಲಿಲ್ಲ. ಈರಿಯ ಹೆಸರು ಬರೆದು, ಶಾಯಿ ಒಣಗಲೆಂದು ಪುಟದ ಮೇಲೆ ಉಫ್ ಎಂದು ಊದಿದರು. ಬೋರಮ್ಮ ಮಗಳನ್ನು ಹರಿಗೋಲಿಗೆ ಹತ್ತಿಸಿಕೊಂಡು ಹೋದಳು. ಕೊನೆಯ ಸರದಿಯಲ್ಲಿ ಖಾಲಿ ಹರಿಗೋಲು ಬಂತು. ಖಾಲಿ ಎಂದು ಎಲ್ಲರೂ ಅಂದುಕೊಂಡರು. ಚಾಪೆಯ ಸುರುಳಿಯಲ್ಲಿ ಈರಿ ಇದ್ದಳು.

ಆರು ದಿನ ಅವಳನ್ನು ಬೀಜದ ಮನೆಯಲ್ಲಿ ಇಟ್ಟುಕೊಂಡೆವು. ಮೂರು ಮೊಳ ದಪ್ಪದ ಮಣ್ಣಿನ ಗೋಡೆ, ಕಿಟಕಿಯಿಲ್ಲ. ಕೂಗು ಬಂದಾಗ ಖಾಲಿ ಗುಡಾಣದೊಳಗೆ ತಲೆ ಹಾಕಿ ಕೂಗುತ್ತಿದ್ದಳು. ಇನ್ನೂ ಎಷ್ಟು ದಿನ ಹೀಗೆ ಎಂದು ನಾನು ಕೇಳಿದ್ದಕ್ಕೆ ಬೋರಮ್ಮ, “ತೆನೆ ಪೂರ್ತಿ ಬಲೀಲಿ ಅಯ್ಯ. ಆಮ್ಯಾಲೆ ಯಾ ಮೂಲೇಲೂ ಅಡಗಿಸಲ್ಲ,” ಎಂದು ಪಿಸುಗುಟ್ಟಿದಳು.

ಏಳನೆಯ ದಿನ ಬೆಳಿಗ್ಗೆ, ಜನ ಹೊಲದ ಬದುಗಳ ಮೇಲೆ ಕೂತು ಹಕ್ಕಿಗಳಿಗೆ ಬಟ್ಟೆ ಬೀಸುತ್ತಿದ್ದಾಗ, ಬೋರಮ್ಮ ಮಗಳ ಕೈ ಹಿಡಿದುಕೊಂಡು ಬೀದಿಯ ನಡುವೆ ನಡೆದು ಬಂದಳು. ನಾನು ಹಿಂದೆ ಬಂದೆ. ನೋಡಿದವರೆಲ್ಲ ಇದ್ದಲ್ಲೇ ಕಲ್ಲಾದರು. ಸಣ್ಣತಮ್ಮಯ್ಯ ಎದ್ದು ಬಂದು ಎರಡೂ ಕೈ ಜೋಡಿಸಿದರು. ಬೇಡ, ದಯವಿಟ್ಟು ಕರೆದುಕೊಂಡು ಹೋಗು ಎಂದು ಆ ಕೈ ಹೇಳುತ್ತಿತ್ತು. ಬೋರಮ್ಮ ತಲೆಯಾಡಿಸಿ ಮಗಳನ್ನು ಹೊಲದ ನಡುವಿನ ಬದುವಿನ ಮೇಲೆ ನಿಲ್ಲಿಸಿದಳು. ಹೆಂಗಸರು ಓಡಿ ಹೋಗಿ ತಮ್ಮ ತಮ್ಮ ಸಾಲಿನಲ್ಲಿ ಮೈಮೇಲಿನ ಸೆರಗನ್ನೇ ಹಾಸತೊಡಗಿದರು.

ಅಷ್ಟು ವರ್ಷ ಯಾರ ಅಪ್ಪಣೆಯನ್ನೂ ಕೇಳದೆ ಬರುತ್ತಿದ್ದ ಕೂಗು ಅವತ್ತು ಬರಲಿಲ್ಲ. ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಅವಳು ಕಾಲಿನ ಹೆಬ್ಬೆರಳು ನೋಡಿಕೊಂಡು ನಿಂತಿದ್ದಳು. ಬಿಸಿಲು ಏರಿತು. ಬಲವಂತವಾಗಿ ಕೂಗು ಎನ್ನಲು ಯಾರಿಗೂ ಬಾಯಿಲ್ಲ, ಬೋರಮ್ಮನಿಗೂ ಇಲ್ಲ.

ಆಮೇಲೆ ಅದು ಬಂತು. ‘ಹೋ’ ಎಂದು, ಎಂದಿಗಿಂತ ಜೋರಾಗಿ, ಹೊಲದ ಈ ತುದಿಯಿಂದ ಆ ತುದಿಗೆ.

ಅಲ್ಲಲ್ಲಿ ಪಟಪಟ ಎಂದು ಕಾಳು ಬಿದ್ದ ಸದ್ದು ಕೇಳಿತು. ಯಾವಳೋ ಒಬ್ಬಳು ಕೂತಲ್ಲೇ ಮುಖ ಮುಚ್ಚಿಕೊಂಡಳು. ಆದರೆ ಆ ಸದ್ದು ಅಷ್ಟಕ್ಕೇ ನಿಂತಿತು. ಹಿಂದಿನ ವರ್ಷ ನೆಲಕ್ಕೆ ಬಿದ್ದು ತಾನಾಗಿ ಮೊಳೆತ ಹಳೆಯ ಗಿಡಗಳು ಅಲ್ಲೊಂದು ಇಲ್ಲೊಂದು ಇದ್ದವು, ಬಿದ್ದದ್ದು ಅವೇ. ಉಳಿದ ಹೊಲವೆಲ್ಲ ಹಾಗೆಯೇ ನಿಂತಿತ್ತು. ಈರಿ ಇನ್ನೊಮ್ಮೆ ಕೂಗಿದಳು. ಹೊಲ ನಿಂತೇ ಇತ್ತು.

ಸಣ್ಣತಮ್ಮಯ್ಯ ಬಗ್ಗಿ ಒಂದು ತೆನೆಯನ್ನು ಬೆರಳ ನಡುವೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಯಾರು ಎಂದು ಸನ್ನೆಯಲ್ಲಿ ಕೇಳಿದರು. ನಾನು ನನ್ನ ಎದೆಯ ಮೇಲೆ ಕೈಯಿಟ್ಟೆ. ಅವರು ತೆನೆಯನ್ನು ಬಿಟ್ಟು, ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ಬದುವಿನ ಮೇಲೆ ಕೂತರು. ಹೆಂಗಸರು ಹಾಸಿದ್ದ ಸೆರಗುಗಳನ್ನು ಕೊಡವಿ ಮತ್ತೆ ಹೊದ್ದುಕೊಂಡರು. ಮಾತಾಡಬಹುದು ಎಂಬುದು ಯಾರಿಗೂ ಹೊಳೆಯಲಿಲ್ಲ. ಎಲ್ಲರೂ ಹಿಂದಿನಂತೆಯೇ ತುದಿಗಾಲಿನಲ್ಲಿ ನಡೆದು ತಂತಮ್ಮ ಸಾಲಿಗೆ ಹೋದರು.

ಈರಿ ಬದು ಇಳಿದು ಸಾಲುಗಳೊಳಗೆ ಹೋಗಿದ್ದಳು. ಗಿಡದಿಂದ ಗಿಡಕ್ಕೆ ಬಗ್ಗಿ, ತೆನೆಯನ್ನು ಕೈಯಲ್ಲಿ ತೂಗಿ, ಉದುರಿದ ಹಳೆಯ ಗಿಡ ಸಿಕ್ಕಲ್ಲಿ ಬೇರು ಸಮೇತ ಕಿತ್ತು ಹಿಂದಕ್ಕೆಸೆಯುತ್ತ ಹೊರಟಿದ್ದಳು. ಬರಬರುತ್ತ ದೂರ ಹೋದಳು, ಕಪ್ಪು ತಲೆಯೊಂದೇ ಕಾಣುತ್ತಿತ್ತು. ನೆತ್ತಿಯ ಮೇಲೆ ಬಿಸಿಲು ಬಂತು. ಬೋರಮ್ಮ ನನ್ನ ಪಕ್ಕದಲ್ಲಿ ಕೂತಿದ್ದಳು, ಎದ್ದಳು. ಬಾಯಿ ತೆರೆದಳು, ಸದ್ದು ಹೊರಡಲಿಲ್ಲ. ಗಂಟಲು ಸರಿ ಮಾಡಿಕೊಂಡಳು. ಅಂಗೈಯನ್ನು ಬಾಯಿಯ ಪಕ್ಕಕ್ಕೆ ಹಿಡಿದಳು.

“ಈರೀ,” ಎಂದು ಕೂಗಿದಳು. “ಉಣ್ಣಾಕ್ ಬಾರೇ, ಅನ್ನ ಆರೋಯ್ತೈತೆ.”

ಹೊಲದಲ್ಲಿದ್ದವರೆಲ್ಲ ಬೆಚ್ಚಿ ತಿರುಗಿದರು. ಮಾಗಿದ ಬೆಳೆಯ ನಡುವೆ ಒಬ್ಬರು ಇನ್ನೊಬ್ಬರನ್ನು ಹೆಸರು ಹಿಡಿದು ಕರೆದದ್ದನ್ನು ಅಲ್ಲಿದ್ದ ಯಾರೂ ತಮ್ಮ ಜನ್ಮದಲ್ಲಿ ಕೇಳಿರಲಿಲ್ಲ. ಬೋರಮ್ಮ ಅವರಾರನ್ನೂ ನೋಡಲಿಲ್ಲ. ಅವಳ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ದೂರದಲ್ಲಿ ಕಪ್ಪು ತಲೆ ಮೇಲೆದ್ದಿತು.

“ತಡಿಯವ್ವ,” ಎಂದು ಈರಿ ಅಲ್ಲಿಂದಲೇ ಕೂಗಿ ಹೇಳಿದಳು. “ಇನ್ನೆರಡು ಸಾಲು ಐತೆ.”